ಗೋಡೆ ಹೇಳದ ಗುರುತು

ಮಲ್ಪೆ, ಕಾರವಾರದಂಥ ಕಡಲತಡಿಯ ಊರುಗಳಲ್ಲಿ ಬಂಡೆಗಳ ನಡುವೆ ಅಡ್ಡಾಡಿದವರು ಸಿಂಪಿಯ ಬೆನ್ನ ಮೇಲೆ, ಪಚ್ಚಿಲೆಯ ಚಿಪ್ಪಿನ ಮೇಲೆ, ಬಹುಕಾಲ ನೀರಲ್ಲೇ ನಿಂತ ದೋಣಿಯ ತಳದಲ್ಲಿ ಬಿಳಿಯ ವಕ್ರ ಗೆರೆಗಳನ್ನು ಕಂಡಿರುತ್ತಾರೆ. ಮುಟ್ಟಿದರೆ ಒರಟು. ಉಗುರಿನಿಂದ ಕೆರೆದರೆ ಬಿಡುವುದಿಲ್ಲ. ಹತ್ತಿರದಿಂದ ನೋಡಿದರೆ ಅದು ಗೆರೆಯಲ್ಲ, ಸುಣ್ಣದ ಸಣ್ಣ ಕೊಳವೆ. ಒಂದು ಕಡೆ ದುಂಡನೆಯ ಬಾಯಿ ತೆರೆದಿರುತ್ತದೆ. ಕೆಲವು ಕೊಳವೆಗಳು ಅಡ್ಡಾದಿಡ್ಡಿ ಹರಿದಿರುತ್ತವೆ, ಕೆಲವು ಎರಡು ಮೂರು ಮಿಲಿಮೀಟರ್ ಅಗಲದ ಅಚ್ಚುಕಟ್ಟಾದ ಸುರುಳಿಗಳಾಗಿರುತ್ತವೆ. ಇದನ್ನು ಕಟ್ಟಿದವರು ಯಾರು? ಸುಣ್ಣದ ಚಿಪ್ಪಿದೆ, ಸುರುಳಿಯಿದೆ, ಹಾಗಾಗಿ ಇದು ಶಂಖದ ಹುಳುವಿನ ಬಳಗವೇ ಇರಬೇಕೆಂದು ಹೆಚ್ಚಿನವರು ಊಹಿಸುತ್ತಾರೆ. ಊಹೆ ಸಹಜವೇ. ಆದರೆ ಬಹುಪಾಲು ಸಂದರ್ಭಗಳಲ್ಲಿ ಒಳಗಿರುವುದು ಎರೆಹುಳು ಮತ್ತು ಜಿಗಣೆಗಳ ದೂರದ ನಂಟ: ಮೈಯೆಲ್ಲ ಉಂಗುರಗಳುಳ್ಳ, ಪಕ್ಕದಲ್ಲಿ ಬಿರುಗೂದಲುಗಳಿರುವ ಪಾಲಿಕೀಟ್ ಗುಂಪಿನ ಹುಳು. ಸುಣ್ಣದ ಕೊಳವೆ ಕಟ್ಟುವ ಈ ಕುಟುಂಬಕ್ಕೆ ಸರ್ಪುಲಿಡೇ ಎಂದು ಹೆಸರು.

ಈ ಅಧ್ಯಾಯದ ವಾದ ಇಷ್ಟು: ಕೊಳವೆಹುಳುವಿನ ಗುರುತು ಕೊಳವೆಯಲ್ಲಿಲ್ಲ, ಅದರ ಬಾಯಲ್ಲಿ ನಿಂತು ಕೆಲಸ ಮಾಡುವ ಅಂಗಗಳಲ್ಲಿದೆ. ಯಾಕೆ ಅಲ್ಲೇ ಇದೆ ಎಂಬುದಕ್ಕೆ ಒಂದು ಕಾರಣವೂ ಇದೆ. ಆ ಕಾರಣ ಅರ್ಥವಾದರೆ ಈ ಹುಳುವಿನ ವಿಚಿತ್ರವಾದ ಮೈಕಟ್ಟು ಇದ್ದಕ್ಕಿದ್ದಂತೆ ತರ್ಕಬದ್ಧವಾಗಿ ಕಾಣತೊಡಗುತ್ತದೆ.

ಗೋಡೆಯನ್ನು ನಂಬಿದವರು

ಕೊಳವೆಯನ್ನು ನೋಡಿ ಒಡೆಯನನ್ನು ಊಹಿಸುವ ಪದ್ಧತಿ ಹಳೆಯದು. ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದ ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಸರ್ಪುಲಾ ಎಂಬ ಕುಲವನ್ನು ಸ್ಥಾಪಿಸಿ ಅದನ್ನು ಚಿಪ್ಪಿನ ಪ್ರಾಣಿಗಳ ಸಾಲಿನಲ್ಲಿಟ್ಟ. ಅದರೊಳಗೆ ಇಂದು ಸ್ಪೈರೋರ್ಬಿಸ್ ಎಂದು ಕರೆಯುವ ಪುಟ್ಟ ಸುರುಳಿ ಹುಳುವೂ ಇತ್ತು, ಇಂದು ವರ್ಮೆಟಿಡ್ ಎಂದು ಕರೆಯುವ, ಬಂಡೆಗೆ ಅಂಟಿಕೊಂಡು ಕೊಳವೆ ಬೆಳೆಸುವ ನಿಜವಾದ ಶಂಖದ ಹುಳುವೂ ಇತ್ತು. ಒಂದು ಬಿರುಗೂದಲಿನ ಹುಳು, ಇನ್ನೊಂದು ಮೃದ್ವಂಗಿ. ಎರಡರ ವಂಶಗಳೂ ಕವಲೊಡೆದು ಐವತ್ತು ಕೋಟಿ ವರ್ಷಗಳಿಗೂ ಹೆಚ್ಚಾಗಿದೆ. ಆದರೂ ಒಂದೇ ಕುಲದ ಹೆಸರಿನಡಿ ಸೇರಿದವು, ಏಕೆಂದರೆ ಎರಡರ ಗೋಡೆಯೂ ಒಂದೇ ತರಹ ಕಾಣುತ್ತದೆ. ಇವುಗಳಿಗೆ ಸ್ಪೈರೋರ್ಬಿಸ್, ವರ್ಮೆಟಸ್ ಎಂಬ ಬೇರೆ ಬೇರೆ ಕುಲನಾಮಗಳು ಬಂದದ್ದು 1800ರಲ್ಲಿ.

ಇದು ಸೂಕ್ಷ್ಮದರ್ಶಕ ಎಲ್ಲರ ಕೈಗೆ ಸಿಗದ ಕಾಲದ ಮಾತು, ಈಗ ಅಂಥ ಗೊಂದಲ ಆಗಲಾರದು ಎಂದು ಯಾರಾದರೂ ಹೇಳಬಹುದು. ಆದರೆ ಇತ್ತೀಚಿನ ಉದಾಹರಣೆ ಇನ್ನೂ ದೊಡ್ಡದು. ಕೋಟ್ಯಂತರ ವರ್ಷ ಹಳೆಯ ಶಿಲೆಗಳಲ್ಲಿ ಸಿಗುವ ಸಣ್ಣ ಸುರುಳಿ ಕೊಳವೆಗಳನ್ನು ಭೂವಿಜ್ಞಾನಿಗಳು ನೂರಕ್ಕೂ ಹೆಚ್ಚು ವರ್ಷ ಸ್ಪೈರೋರ್ಬಿಸ್ ಎಂದೇ ದಾಖಲಿಸಿದರು. ಅವುಗಳಲ್ಲಿ ಕೆಲವು ಸಿಹಿನೀರಿನಲ್ಲಿ ರೂಪುಗೊಂಡ ಶಿಲೆಗಳಲ್ಲಿದ್ದವು. ಇಂದಿನ ಸ್ಪೈರೋರ್ಬಿಸ್ ಉಪ್ಪುನೀರಿನ ಜೀವಿ. ಹೆಸರನ್ನು ನಂಬಿದರೆ ಶಿಲೆಯ ಚರಿತ್ರೆಯೇ ತಪ್ಪಾಗುತ್ತದೆ. ಪಾಲ್ ಟೇಲರ್ ಮತ್ತು ಓಲೆವ್ ವಿನ್ 2006ರಲ್ಲಿ ಈ ಪ್ರಶ್ನೆಯನ್ನು ವಿವರವಾಗಿ ಚರ್ಚಿಸಿದರು. ಹಳೆಯ ಕೊಳವೆಗಳ ಗೋಡೆ ಪದರಪದರವಾಗಿದೆ, ಅವುಗಳ ಆರಂಭದ ತುದಿ ಮುಚ್ಚಿದ ಪುಟ್ಟ ಗುಳ್ಳೆಯ ಆಕಾರದಲ್ಲಿದೆ; ನಿಜವಾದ ಸುರುಳಿ ಹುಳುವಿನಲ್ಲಿ ಇವೆರಡೂ ಇಲ್ಲ. ಅವು ಮೈಕ್ರೊಕಾಂಕಿಡ್ ಎಂಬ, ಜುರಾಸಿಕ್ ಯುಗದ ನಡುವೆ ಅಳಿದುಹೋದ ಬೇರೆಯೇ ಗುಂಪು. ಸಮುದ್ರದ ತಳದಲ್ಲಿ ಸಣ್ಣ ಸುರುಳಿ ಕೊಳವೆ ಕಟ್ಟುವ ಉಪಾಯವನ್ನು ಸಂಬಂಧವಿಲ್ಲದ ಜೀವಿಗಳು ಪ್ರತ್ಯೇಕವಾಗಿ ಕಂಡುಕೊಂಡಿವೆ.

ಸುಣ್ಣವಿದೆ ಎಂಬುದೂ ಖಚಿತ ಸಾಕ್ಷಿಯಲ್ಲ. ಸರ್ಪುಲಿಡೇಗೆ ಹತ್ತಿರದ ನಂಟಿರುವ ಸಬೆಲ್ಲಿಡೇ ಕುಟುಂಬದ ಹುಳುಗಳು ಸಾಮಾನ್ಯವಾಗಿ ಕೆಸರು ಮತ್ತು ಲೋಳೆಯಿಂದ ಮೆತ್ತನೆಯ ಕೊಳವೆ ಕಟ್ಟುತ್ತವೆ. ಆದರೆ ಅದೇ ಕುಟುಂಬದ ಗ್ಲಾಮೆರುಲಾ ಎಂಬ ಕುಲ ಸುಣ್ಣದ ಕೊಳವೆಯನ್ನೇ ಕಟ್ಟುತ್ತದೆ. ಇನ್ನೂ ದೂರದ ಸಿರಾಟುಲಿಡೇ ಕುಟುಂಬದ ಡೊಡೆಕಸೀರಿಯಾದ ಕೆಲವು ಪ್ರಭೇದಗಳೂ ಸುಣ್ಣ ಸ್ರವಿಸುತ್ತವೆ. ಗೋಡೆಯ ಆಕಾರವನ್ನು ಕೂಡ ಸುತ್ತಲಿನ ಪರಿಸ್ಥಿತಿ ಬದಲಿಸುತ್ತದೆ. ಜಾಗ ಇದ್ದಾಗ ಕಲ್ಲಿನ ಮೇಲೆ ಹರಡಿಕೊಳ್ಳುವ ಕೊಳವೆಯೇ, ನೆರೆಹೊರೆ ಒತ್ತಾದಾಗ ನೆಟ್ಟಗೆ ಮೇಲೆದ್ದು ಬೆಳೆಯುತ್ತದೆ. ಹಾಗೆಂದು ಗೋಡೆ ಏನನ್ನೂ ಹೇಳುವುದಿಲ್ಲ ಎಂದಲ್ಲ. ಬೆನ್ನ ಮೇಲಿನ ಏಣು, ಅಡ್ಡ ಉಬ್ಬುಗಳು, ಸುರುಳಿ ಎಡಕ್ಕೋ ಬಲಕ್ಕೋ ಎಂಬುದು, ಇವೆಲ್ಲ ಸಹಾಯಕ ಸುಳಿವುಗಳು. ವರ್ಮೆಟಿಡ್ ಕೊಳವೆಯ ಒಳಮೈ ನುಣುಪಾಗಿ ಹೊಳೆಯುತ್ತದೆ, ಅದರ ಆರಂಭದಲ್ಲಿ ಮರಿ ಶಂಖದ ಸುರುಳಿ ಉಳಿದಿರುತ್ತದೆ. ಗೋಡೆಯ ಸಾಕ್ಷ್ಯ ತನಿಖೆಯನ್ನು ಶುರುಮಾಡಲು ಸಾಕು, ಮುಗಿಸಲು ಸಾಲದು.

ಒಂದೇ ಬಾಗಿಲಿನ ಮನೆ

ಈಗ ಒಳಗಿನ ಜೀವಿಯ ಕಷ್ಟವನ್ನು ಯೋಚಿಸೋಣ. ಸರ್ಪುಲಿಡ್ ಮರಿ ನೀರಿನಲ್ಲಿ ತೇಲಿ ಬಂದು ಕಲ್ಲಿನ ಮೇಲೆ ಇಳಿದಾಗ ಕೂದಲಿಗಿಂತ ಸ್ವಲ್ಪವೇ ದಪ್ಪ. ಆಗ ಕಟ್ಟಿದ ಕೊಳವೆಯೂ ಅಷ್ಟೇ ಸಣ್ಣದು. ಹುಳು ಬೆಳೆದಂತೆ ಕೊಳವೆಯ ಮುಂಬದಿಗೆ ಸ್ವಲ್ಪ ಸ್ವಲ್ಪವೇ ಅಗಲವಾದ ಹೊಸ ಅಂಚು ಸೇರುತ್ತ ಹೋಗುತ್ತದೆ. ಹಿಂತುದಿ ಮಾತ್ರ ಶೈಶವದ ಅಳತೆಯಲ್ಲೇ ಉಳಿದು ಕಲ್ಲಿಗೆ ಅಂಟಿರುತ್ತದೆ. ಬೆಳೆದ ಹುಳುವಿಗೆ ಅದು ಉಪಯೋಗವಿಲ್ಲದ ಮೂಲೆ. ಅಂದರೆ ಇದು ಒಂದೇ ಬಾಗಿಲಿನ ಮನೆ. ಅಡುಗೆಯ ಸಾಮಾನು ಬರುವುದೂ, ಕಸ ಹೊರಹೋಗುವುದೂ, ಗಾಳಿ ಆಡುವುದೂ, ಕಳ್ಳ ಬರುವುದೂ ಅದೊಂದೇ ಬಾಗಿಲಿನಿಂದ. ಮನೆಯೊಳಗಿನ ವ್ಯವಸ್ಥೆಯೆಲ್ಲ ಬಾಗಿಲಿನ ಸುತ್ತ ಸೇರಿಕೊಳ್ಳದೆ ಗತಿಯಿಲ್ಲ.

ಎರೆಹುಳುವಿಗೆ ಈ ತೊಂದರೆಯಿಲ್ಲ. ಅದರ ಬಾಯಿ ಒಂದು ತುದಿಯಲ್ಲಿ, ಗುದದ್ವಾರ ಇನ್ನೊಂದು ತುದಿಯಲ್ಲಿ. ಮೈಯ ಬಹುತೇಕ ಪ್ರತಿ ಉಂಗುರದಲ್ಲೂ ಕಲ್ಮಶ ಹೊರಹಾಕುವ ಪುಟ್ಟ ನಾಳಗಳಿವೆ, ಉಸಿರಾಟ ಇಡೀ ಚರ್ಮದಿಂದ. ಕೊಳವೆಹುಳು ಅದೇ ಉಂಗುರಗಳ ಮೂಲ ವಿನ್ಯಾಸದಿಂದ ಹೊರಟು, ಕೆಲಸಗಳನ್ನೆಲ್ಲ ತಲೆಯ ಕಡೆಗೆ ಎಳೆದು ತಂದಿದೆ. ಕಲ್ಮಶದ ನಾಳಗಳು ಒಂದೇ ಜೊತೆಗೆ ಇಳಿದು, ಎದೆಭಾಗದಲ್ಲಿ ದೊಡ್ಡದಾಗಿ ಬೆಳೆದು, ಎರಡೂ ಕೂಡಿ ತಲೆಯ ಬಳಿ ಒಂದೇ ರಂಧ್ರದಲ್ಲಿ ತೆರೆಯುತ್ತವೆ. ಗುದದ್ವಾರ ಈಗಲೂ ಬಾಲದಲ್ಲೇ ಇದೆ, ಆದರೆ ಅಲ್ಲಿಂದ ಮುಂದಕ್ಕೆ ಮೈಯುದ್ದಕ್ಕೂ ಒಂದು ಸಣ್ಣ ಕಾಲುವೆ ಹರಿದಿದೆ. ಹೊಟ್ಟೆಭಾಗದಲ್ಲಿ ಅದು ತಳಭಾಗದ ನಡುವೆ ಸಾಗುತ್ತದೆ, ಎದೆಭಾಗ ಮುಟ್ಟುವಾಗ ಪಕ್ಕಕ್ಕೆ ತಿರುಗಿ ಬೆನ್ನಿಗೇರುತ್ತದೆ. ಕಾಲುವೆಯ ತಳದಲ್ಲಿರುವ ಸೂಕ್ಷ್ಮ ರೋಮಗಳು ಬಡಿಯುತ್ತ ಮಲದ ಉಂಡೆಗಳನ್ನು ಬಾಲದಿಂದ ಬಾಗಿಲವರೆಗೆ ಸಾಗಿಸುತ್ತವೆ. ಹೊಟ್ಟೆಭಾಗದಲ್ಲಿ ಬೆಳೆದ ಮೊಟ್ಟೆ, ವೀರ್ಯಾಣುಗಳು ಹೊರಬೀಳುವುದೂ ಬಾಗಿಲಿನ ಕಡೆಗೇ.

ಬಾಗಿಲಲ್ಲಿ ನಿಂತ ಅಂಗಗಳು

ಬಾಗಿಲಿನಿಂದ ಹೊರಗೆ ಅರಳುವುದು ಬಣ್ಣಬಣ್ಣದ ಗರಿಗಳ ಮುಡಿ. ಇದು ಅಲಂಕಾರವಲ್ಲ, ಉಸಿರಾಟ ಮತ್ತು ಊಟ ಎರಡೂ ಇದರಲ್ಲೇ. ಪ್ರತಿ ಗರಿಯ ಎರಡೂ ಪಕ್ಕದಲ್ಲಿ ಎಳೆಗಳಿವೆ, ಎಳೆಗಳ ಮೇಲೆ ರೋಮಗಳು. ಅವುಗಳ ಬಡಿತಕ್ಕೆ ನೀರು ಗರಿಗಳ ನಡುವಿನಿಂದ ಹಾಯುತ್ತದೆ, ತೇಲುವ ಕಣಗಳು ಸಿಕ್ಕಿಕೊಂಡು ಗರಿಯ ನಡುವಿನ ಸೀಳಿನಲ್ಲಿ ಬಾಯಿಯ ಕಡೆಗೆ ಜಾರುತ್ತವೆ. ಸಬೆಲ್ಲಾ ಎಂಬ ಹುಳು ಈ ಕಣಗಳನ್ನು ಗಾತ್ರದ ಮೇಲೆ ವಿಂಗಡಿಸುತ್ತದೆಂದು 1930ರಲ್ಲಿ ನಿಕೋಲ್ ತೋರಿಸಿದರು: ದೊಡ್ಡವು ತಿರಸ್ಕೃತ, ಮಧ್ಯಮ ಗಾತ್ರದವು ಕೊಳವೆ ಕಟ್ಟಲು, ಸಣ್ಣವು ಊಟಕ್ಕೆ. ಗರಿಯೊಳಗಿನ ರಕ್ತನಾಳವೂ ಒಂದೇ ಬಾಗಿಲಿನದು. ತುದಿಯಲ್ಲಿ ಮುಚ್ಚಿದ ಒಂದೇ ನಾಳದಲ್ಲಿ ರಕ್ತ ಒಳಹೋಗಿ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಈ ಗುಂಪಿನಲ್ಲಿ ರಕ್ತದ ಬಣ್ಣ ಹೆಚ್ಚಾಗಿ ಹಸಿರು. ಆಮ್ಲಜನಕ ಹೊರುವ ಕೆಲಸ ಅಲ್ಲಿ ಹಿಮೋಗ್ಲೋಬಿನ್ನಿನದಲ್ಲ, ಅದರ ಸಮೀಪದ ಕ್ಲೋರೊಕ್ರೂರಿನ್ ಎಂಬ ವರ್ಣಕದ್ದು. ಸರ್ಪುಲಾದ ರಕ್ತದಲ್ಲಿ ಎರಡೂ ಇರುತ್ತವೆ.

ಗರಿಮುಡಿಯ ಕೆಳಗೆ ಮೈಯ ಮಡಿಕೆಯೊಂದು ಕೊರಳಪಟ್ಟಿಯಾಗಿ ಬಾಗಿಲ ಅಂಚಿನ ಮೇಲೆ ಮಡಚಿಕೊಳ್ಳುತ್ತದೆ. ಇದು ಗಾರೆಯವನ ಕೆಲಸದ ಅಂಗ. ಪಕ್ಕದ ಗ್ರಂಥಿಗಳು ಸುಣ್ಣದ ಹಿಟ್ಟನ್ನು ಸ್ರವಿಸುತ್ತವೆ, ಕೊರಳಪಟ್ಟಿ ಅದನ್ನು ಅಂಚಿಗೆ ಒತ್ತಿ ಆಕಾರ ಕೊಡುತ್ತದೆ. ಕೊರಳಪಟ್ಟಿಯ ಉಂಗುರದಲ್ಲಿ ವಿಶೇಷ ಬಿರುಗೂದಲುಗಳ ಒಂದು ಗೊಂಚಲು ಇದೆ. ಅದರ ಹಿಂದಿನ ಉಂಗುರಗಳಲ್ಲಿ ಬಿರುಗೂದಲಿನ ಜೊತೆಗೆ ಕೊಕ್ಕೆಹಲ್ಲುಗಳ ಸಾಲುಗಳಿವೆ. ಒಂದು ಹಲ್ಲು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು. ಸಾಲಿನಲ್ಲಿ ಹತ್ತಾರು ಹಲ್ಲುಗಳು. ಎದೆಭಾಗದ ಹಲ್ಲುಗಳ ಮೊನೆ ಮುಂದಕ್ಕೆ ಬಾಗಿರುವುದರಿಂದ ಯಾರಾದರೂ ಗರಿಹಿಡಿದು ಎಳೆದರೆ ಅವು ಗೋಡೆಗೆ ಕಚ್ಚಿಕೊಳ್ಳುತ್ತವೆ. ಹಾಗಾಗಿ ಹುಳು ಹರಿದರೂ ಹೊರಗೆ ಬರುವುದು ಕಷ್ಟ. ಎದೆಭಾಗದಲ್ಲಿ ಈ ಸಾಲುಗಳು ಹೊಟ್ಟೆಯ ಕಡೆಗಿವೆ, ಹಿಂದಿನ ಭಾಗದಲ್ಲಿ ಬೆನ್ನ ಕಡೆಗೆ. ಈ ಅದಲುಬದಲು ಎಲ್ಲಿ ನಡೆಯುತ್ತದೆಯೋ ಅಲ್ಲಿಗೆ ಎದೆಭಾಗ ಮುಗಿಯಿತೆಂದು ಎಣಿಕೆ.

ಕೊನೆಯದು ಬಾಗಿಲನ್ನು ಮುಚ್ಚುವ ಅಂಗ. ಬಹುಪಾಲು ಸರ್ಪುಲಿಡ್‌ಗಳಲ್ಲಿ ಒಂದು ಗರಿ ಬದಲಾಗಿ, ಕಾಂಡದ ತುದಿಯಲ್ಲಿ ಉಬ್ಬಿದ ಮುಚ್ಚಳವಾಗಿದೆ. ವಿಜ್ಞಾನಿಗಳು ಇದನ್ನು ಆಪರ್ಕ್ಯುಲಮ್ ಎನ್ನುತ್ತಾರೆ. ನೆರಳು ಸುಳಿದರೂ ಹುಳು ಕಣ್ಣೆವೆ ಮುಚ್ಚುವಷ್ಟರಲ್ಲಿ ಒಳಸರಿಯುತ್ತದೆ. ಆ ವೇಗಕ್ಕೆ ಕಾರಣ ಮೈಯುದ್ದಕ್ಕೂ ಓಡುವ ಭಾರಿ ದಪ್ಪದ ನರತಂತು. ಸಬೆಲ್ಲಿಡೇ ಕುಟುಂಬದ ಮಿಕ್ಸಿಕೋಲಾದಲ್ಲಿ ಈ ತಂತು ಎಷ್ಟು ದಪ್ಪವೆಂದರೆ ನರದ ವಿದ್ಯುತ್ ಸಂಜ್ಞೆಯನ್ನು ಅಭ್ಯಸಿಸುವವರು ಅದನ್ನು ಪ್ರಯೋಗಗಳಿಗೆ ಬಳಸಿದ್ದಾರೆ. ಹುಳು ಒಳಹೋದ ಮೇಲೆ ಕೊನೆಯಲ್ಲಿ ಬರುವ ಮುಚ್ಚಳ ಬಾಯನ್ನು ಭದ್ರಪಡಿಸುತ್ತದೆ. ಮೀನು ಅದನ್ನು ಕಚ್ಚಿಕೊಂಡು ಹೋದರೂ ಹುಳು ಸಾಯುವುದಿಲ್ಲ. ಹೈಡ್ರಾಯ್ಡಿಸ್ ಎಂಬ ಕುಲದಲ್ಲಿ ಇನ್ನೊಂದು ಪಕ್ಕದಲ್ಲಿ ಒಂದು ಪುಟ್ಟ ಮೊಗ್ಗು ಮೊದಲೇ ಸಿದ್ಧವಾಗಿರುತ್ತದೆ. ಮುಚ್ಚಳ ಹೋದರೆ ಆ ಮೊಗ್ಗು ಬೆಳೆದು ಹೊಸ ಮುಚ್ಚಳವಾಗುತ್ತದೆ.

ಎರಡು ಬಾಗಿಲಿದ್ದರೆ?

ಒಂದು ವಿವರಣೆ ಎಷ್ಟೇ ಅಂದವಾಗಿದ್ದರೂ ಅದನ್ನು ಪರೀಕ್ಷಿಸಬೇಕು. ಈ ಅಂಗಗಳೆಲ್ಲ ಒಂದೇ ಬಾಗಿಲಿನ ಫಲವಾದರೆ, ಎರಡು ಬಾಗಿಲಿರುವ ಕೊಳವೆಯಲ್ಲಿ ವಾಸಿಸುವ ಹುಳುವಿನಲ್ಲಿ ಅವು ಇರಬಾರದು. ಅಂಥ ಹುಳುವೊಂದಿದೆ, ಕೀಟಾಪ್ಟೆರಸ್. ಅದು ಮರಳಿನಲ್ಲಿ ಎರಡೂ ತುದಿ ಮೇಲೆ ತೆರೆದ, ಚರ್ಮದಂಥ ಬಾಗಿದ ಕೊಳವೆಯಲ್ಲಿರುತ್ತದೆ. ಅದಕ್ಕೆ ಗರಿಮುಡಿಯಿಲ್ಲ, ಮುಚ್ಚಳವಿಲ್ಲ, ಮಲವನ್ನು ಮುಂದಕ್ಕೆ ತರುವ ಕಾಲುವೆಯೂ ಇಲ್ಲ. ಮೈನಡುವಿನ ಮೂರು ಬೀಸಣಿಗೆಯಂಥ ಅಂಗಗಳು ನೀರನ್ನು ಒಂದು ಬಾಗಿಲಿನಿಂದ ಎಳೆದು ಇನ್ನೊಂದರಿಂದ ತಳ್ಳುತ್ತವೆ. ಹುಳು ಲೋಳೆಯ ಚೀಲವೊಂದನ್ನು ಆ ಪ್ರವಾಹಕ್ಕೆ ಒಡ್ಡಿ ಕಣಗಳನ್ನು ಹಿಡಿಯುತ್ತದೆ, ಚೀಲವನ್ನೇ ಉಂಡೆಮಾಡಿ ನುಂಗುತ್ತದೆ. ಕಲ್ಮಶ ನೀರಿನ ಜೊತೆ ಹಿಂಬಾಗಿಲಿನಿಂದ ಹೋಗುತ್ತದೆ. ಇದೂ ಪಾಲಿಕೀಟ್ ಹುಳುವೇ, ಇದೂ ಕೊಳವೆವಾಸಿಯೇ. ಬದಲಾದದ್ದು ಬಾಗಿಲಿನ ಸಂಖ್ಯೆ, ಅದರ ಜೊತೆಗೆ ಇಡೀ ಮೈಕಟ್ಟು.

ಇಲ್ಲಿ ಎಚ್ಚರದ ಓದುಗರು ಒಂದು ಆಕ್ಷೇಪ ಎತ್ತಬಹುದು. ಪರಿಸ್ಥಿತಿಯೇ ಅಂಗಗಳನ್ನು ರೂಪಿಸುವುದಾದರೆ, ಗೋಡೆಯ ವಿಷಯದಲ್ಲಿ ಆದ ಮೋಸವೇ ಅಂಗಗಳಲ್ಲೂ ಆಗಬೇಕಲ್ಲವೆ? ಒಂದೇ ಬಾಗಿಲಿನ ಮನೆಯಲ್ಲಿರುವ ಎಲ್ಲರೂ ಒಂದೇ ತರಹ ಕಾಣಬೇಕಲ್ಲವೆ? ಉತ್ತರವಿರುವುದು ಕಚ್ಚಾವಸ್ತುವಿನಲ್ಲಿ. ವರ್ಮೆಟಿಡ್ ಶಂಖದ ಹುಳುವಿಗೂ ಬಾಗಿಲು ಒಂದೇ, ಅದಕ್ಕೂ ಮುಚ್ಚಳ ಬೇಕು, ಊಟ ಹೊರಗಿನಿಂದಲೇ ಬರಬೇಕು. ಆದರೆ ಅದರ ಮುಚ್ಚಳ ಹುಟ್ಟಿದ್ದು ಪಾದದ ಮೇಲೆ, ಶಂಖದ ಹುಳುಗಳ ಪೂರ್ವಜರಿಂದ ಬಂದ ಮುಚ್ಚಳವದು. ಊಟಕ್ಕೆ ಅದು ಲೋಳೆಯ ಬಲೆ ಬೀಸುತ್ತದೆ. ಕೊಳವೆಹುಳುವಿನ ಮುಚ್ಚಳ ಹುಟ್ಟಿದ್ದು ಗರಿಯಿಂದ. ಎದುರಾದ ಸಮಸ್ಯೆ ಸಮಾನವಾಗಿದ್ದರೂ ಪ್ರತಿ ವಂಶವೂ ತನ್ನ ಕೈಯಲ್ಲಿದ್ದ ಅಂಗಗಳಿಂದಲೇ ಪರಿಹಾರ ಕಟ್ಟಿಕೊಳ್ಳಬೇಕು. ಗೋಡೆಗೆ ಬೇಕಾದ ಸುಣ್ಣ ಸಮುದ್ರದ ನೀರಿನಲ್ಲಿ ಎಲ್ಲರಿಗೂ ಸಿಗುತ್ತದೆ. ಗರಿ, ಬಿರುಗೂದಲು, ಕೊಕ್ಕೆಹಲ್ಲು ವಂಶದಿಂದ ಮಾತ್ರ ಬರುತ್ತವೆ. ಆದ್ದರಿಂದಲೇ ಬಾಗಿಲಿನ ಅಂಗಗಳು ನಂಟನ್ನು ತಿಳಿಸುತ್ತವೆ.

ಗುರುತಿಸುವ ಕ್ರಮ

ಹಾಗಾದರೆ ಗುರುತಿಸುವುದು ಹೇಗೆ? ಮೊದಲ ಪ್ರಶ್ನೆ, ಬಿರುಗೂದಲಿದೆಯೇ ಎಂಬುದು. ಇಲ್ಲದಿದ್ದು ತಲೆಯಲ್ಲಿ ಎರಡು ಮೀಸೆಗಳಿದ್ದರೆ ಅದು ಶಂಖದ ಹುಳು. ಎರಡನೆಯದು, ತಲೆಯಲ್ಲಿ ಗರಿಮುಡಿ ಇದೆಯೇ. ಅದರ ಬದಲು ಉದ್ದನೆಯ ಮೆತ್ತನೆ ಎಳೆಗಳು ನಾಲ್ದೆಸೆಗೆ ಹರಿದಾಡುತ್ತಿದ್ದರೆ ಅದು ಟೆರೆಬೆಲ್ಲಿಡೇ ಕುಟುಂಬದ ಕಡೆಗೆ ಹೋಗುತ್ತದೆ. ಗರಿಮುಡಿಯಿದ್ದರೆ ಎದೆಭಾಗದ ಉಂಗುರಗಳನ್ನು ಎಣಿಸಬೇಕು. ಬಿರುಗೂದಲುಳ್ಳ ಉಂಗುರಗಳು ಸಬೆಲ್ಲಿಡೇಯಲ್ಲಿ ಸಾಮಾನ್ಯವಾಗಿ 8, ಸರ್ಪುಲಾ, ಹೈಡ್ರಾಯ್ಡಿಸ್‌ನಂಥ ಕುಲಗಳಲ್ಲಿ 7, ಪುಟ್ಟ ಸುರುಳಿ ಹುಳುಗಳಲ್ಲಿ ಇನ್ನೂ ಕಡಿಮೆ. ಸರ್ಪುಲಿಡೇಯಲ್ಲಿ ಎದೆಯ ಎರಡೂ ಪಕ್ಕಕ್ಕೆ ತೆಳುವಾದ ಪೊರೆಯೊಂದು ಇಳಿಬಿದ್ದಿರುತ್ತದೆ, ಸಬೆಲ್ಲಿಡೇಯಲ್ಲಿ ಅದಿಲ್ಲ. ಮುಚ್ಚಳ ಇದ್ದರೆ ಸರ್ಪುಲಿಡೇ ಎಂಬ ತೀರ್ಮಾನ ಬಲವಾಗುತ್ತದೆ. ಇಲ್ಲದಿದ್ದರೆ ಮಾತ್ರ ಆತುರ ಬೇಡ, ಪ್ರೊಟುಲಾದಂಥ ಸರ್ಪುಲಿಡ್‌ಗಳಿಗೆ ಮುಚ್ಚಳವೇ ಇಲ್ಲ.

ಪ್ರಭೇದದ ಹಂತಕ್ಕೆ ಬಂದಾಗ ವಿವರಗಳು ಇನ್ನೂ ಸೂಕ್ಷ್ಮವಾಗುತ್ತವೆ. ನೂರಕ್ಕೂ ಹೆಚ್ಚು ಪ್ರಭೇದಗಳಿರುವ ಹೈಡ್ರಾಯ್ಡಿಸ್‌ನ ಮುಚ್ಚಳಕ್ಕೆ ಎರಡು ಅಂತಸ್ತು: ಕೆಳಗೆ ಅಂಚಿನಲ್ಲಿ ಹಲ್ಲುಗಳಿರುವ ಆಲಿಕೆ, ಅದರೊಳಗಿನಿಂದ ಮೇಲೆದ್ದ ಮುಳ್ಳುಗಳ ಕಿರೀಟ. ಮುಳ್ಳು ಎಷ್ಟು, ಯಾವ ಕಡೆ ಬಾಗಿದೆ, ಅದರ ಮೈಮೇಲೆ ಮರಿಮುಳ್ಳುಗಳಿವೆಯೇ ಎಂಬುದರಲ್ಲಿ ಪ್ರಭೇದಗಳು ಬೇರ್ಪಡುತ್ತವೆ. ಇದರ ಬೆಲೆ ತಿಳಿಯಲು ಒಂದು ಉದಾಹರಣೆ ಸಾಕು. ನಾರ್ವೆಯ ಗುನ್ನೆರುಸ್ 1768ರಲ್ಲಿ ಹೈಡ್ರಾಯ್ಡಿಸ್ ನಾರ್ವೆಜಿಕಾವನ್ನು ವರ್ಣಿಸಿದ. ಆಸ್ಟ್ರೇಲಿಯಾದ ಸಿಡ್ನಿ ಬಂದರಿನಿಂದ ಹ್ಯಾಸ್ವೆಲ್ 1883ರಲ್ಲಿ ವರ್ಣಿಸಿದ್ದು ಹೈಡ್ರಾಯ್ಡಿಸ್ ಎಲೆಗನ್ಸ್. ಎರಡೂ ಮೇಲ್ನೋಟಕ್ಕೆ ಹೋಲುವುದರಿಂದ ಬೆಚ್ಚನೆಯ ಸಮುದ್ರಗಳ ಬಂದರುಗಳಲ್ಲಿ ಹಡಗಿನ ತಳಕ್ಕೆ ಮೆತ್ತಿಕೊಳ್ಳುವ ಹುಳುವನ್ನು ದಶಕಗಳ ಕಾಲ ನಾರ್ವೆಜಿಕಾ ಎಂದೇ ಬರೆದರು. ಭಾರತದ ಬಂದರುಗಳಿಂದ ಬಂದ ಹಳೆಯ ವರದಿಗಳಲ್ಲೂ ಆ ಹೆಸರೇ ಇದೆ. 1971ರಲ್ಲಿ ಹೆಲ್ಮುಟ್ ಜಿಬ್ರೋವಿಯಸ್ ಮೆಡಿಟರೇನಿಯನ್ನಿನ ಹೈಡ್ರಾಯ್ಡಿಸ್‌ಗಳನ್ನು ಮರುಪರಿಶೀಲಿಸಿ ಇಂಥ ಗೊಂದಲಗಳನ್ನು ಬಿಡಿಸಿದರು. ಬಂದರುಗಳ ಹುಳು ಎಲೆಗನ್ಸ್. ನಾರ್ವೆಜಿಕಾ ಯುರೋಪಿನ ಕಡೆಯ, ಹೆಚ್ಚಾಗಿ ಆಳದ ನೀರಿನ ಜೀವಿ.

ಹೆಸರು ಯಾವುದಾದರೇನು, ಹಡಗಿಗೆ ಆಗುವ ತೊಂದರೆ ಒಂದೇ ತಾನೆ ಎನ್ನುವಂತಿಲ್ಲ. ತೊಂದರೆಯನ್ನು ತಡೆಯಲು ಜೀವಿಯ ನಡವಳಿಕೆ ಗೊತ್ತಿರಬೇಕು, ನಡವಳಿಕೆ ಪ್ರಭೇದಕ್ಕೆ ಸೇರಿದ್ದು. ಎಲೆಗನ್ಸ್ ಮರಿ ಸುಮಾರು 5 ದಿನಗಳಲ್ಲಿ ನೆಲೆಯೂರಲು ಸಿದ್ಧವಾಗುತ್ತದೆ. ಬ್ಯಾಕ್ಟೀರಿಯಾಗಳ ತೆಳುಪದರ ಹರಡಿರುವ ಮೇಲ್ಮೈಯನ್ನೇ ಆರಿಸುತ್ತದೆ. ಹವಾಯಿಯಲ್ಲಿ ಮೈಕೆಲ್ ಹ್ಯಾಡ್‌ಫೀಲ್ಡ್ ಮತ್ತು ಸಂಗಡಿಗರು ಈ ಹುಳುವಿನ ಮೇಲೆ ನಡೆಸಿದ ಸಂಶೋಧನೆಯಿಂದ ಇದು ವಿವರವಾಗಿ ತಿಳಿದಿದೆ. ಬಂದರಿನ ಹುಳುವಿಗೆ ನಾರ್ವೆಜಿಕಾ ಎಂಬ ಹೆಸರೇ ಉಳಿದಿದ್ದರೆ, ಈ ಜ್ಞಾನವನ್ನು ನಮ್ಮ ಬಂದರಿಗೆ ಅನ್ವಯಿಸಬೇಕೋ ಬೇಡವೋ ಎಂದು ನಿರ್ಧರಿಸುವುದೇ ಕಷ್ಟವಾಗುತ್ತಿತ್ತು.

ಮುಚ್ಚಳ ಒಂದನ್ನೇ ನಂಬಿದರೂ ಸಾಲದು ಎಂಬುದಕ್ಕೆ ಚೌಳುನೀರಿನ ಫೈಕೊಪೊಮಾಟಸ್ ಸಾಕ್ಷಿ. ಈ ಕುಲವನ್ನು ರೋಲ್ಯಾಂಡ್ ಸದರ್ನ್ 1921ರಲ್ಲಿ, ಚಿಲಿಕಾ ಸರೋವರ ಮತ್ತು ಭಾರತದ ಇತರ ಚೌಳುನೀರುಗಳ ಹುಳುಗಳನ್ನು ಕುರಿತ ಬರಹದಲ್ಲಿ ಸ್ಥಾಪಿಸಿದರು. ಮುಂದೆ ಫ್ರಾನ್ಸಿನಿಂದ ಶ್ರೀಲಂಕಾವರೆಗೆ ಸಿಕ್ಕ ಹುಳುಗಳಿಗೆ ಇನ್ನೂ ನಾಲ್ಕು ಕುಲನಾಮಗಳು ಹುಟ್ಟಿದವು. ಮುಚ್ಚಳದ ಮೇಲೆ ಕೆಲವಕ್ಕೆ ಮುಳ್ಳು, ಕೆಲವಕ್ಕೆ ಇಲ್ಲ. ಟೆನ್ ಹೋವ ಮತ್ತು ವೇರ್ಡೆನ್‌ಬರ್ಗ್ 1978ರಲ್ಲಿ ಎಲ್ಲವನ್ನೂ ಜೊತೆಗಿಟ್ಟು ನೋಡಿ ಐದನ್ನೂ ಒಂದೇ ಕುಲಕ್ಕೆ ಸೇರಿಸಿದರು. ಮುಚ್ಚಳ ಬೇರೆಯಾದರೂ ಕೊರಳಪಟ್ಟಿಯ ಒರಟುಹಲ್ಲಿನ ಬಿರುಗೂದಲು ಅವುಗಳಿಗೆಲ್ಲ ಸಮಾನವಾಗಿತ್ತು. ಹಲವು ಅಂಗಗಳ ಸಾಕ್ಷ್ಯ ಒಂದೇ ಕಡೆ ಬೆರಳು ತೋರಿದಾಗ ಮಾತ್ರ ಗುರುತು ಗಟ್ಟಿಯಾಗುತ್ತದೆ.

ಡಿಎನ್‌ಎ ಇರುವಾಗ ಮುಚ್ಚಳವೇಕೆ?

ಕೊನೆಯ ಆಕ್ಷೇಪ ಇಂದಿನದು. ಡಿಎನ್‌ಎಯ ಒಂದು ತುಣುಕನ್ನು ಓದಿದರೆ ಪ್ರಭೇದ ತಿಳಿಯುವಾಗ ಮುಳ್ಳು ಎಣಿಸುವ ಶ್ರಮವೇಕೆ? ಈ ವಾದದಲ್ಲಿ ಹುರುಳಿದೆ. ಫೈಕೊಪೊಮಾಟಸ್ ಎನಿಗ್ಮಾಟಿಕಸ್ ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದ ಆಸ್ಟ್ರೇಲಿಯಾದ ಹುಳುಗಳಲ್ಲಿ ಒಂದಕ್ಕಿಂತ ಹೆಚ್ಚು ಗುಪ್ತ ಪ್ರಭೇದಗಳು ಜೊತೆಜೊತೆಗೇ ಬದುಕಿವೆಯೆಂದು 2017ರಲ್ಲಿ ಡಿಎನ್‌ಎ ತೋರಿಸಿತು. ಕಣ್ಣಿಗೆ ತಪ್ಪಿದ್ದನ್ನು ಅದು ಹಿಡಿಯುತ್ತದೆ, ನಿಜ. ಆದರೆ ಡಿಎನ್‌ಎ ಕೊಡುವುದು ಹೋಲಿಕೆಯನ್ನು. ಹೋಲಿಸಲು ಸರಿಯಾದ ಹೆಸರಿರುವ ಮಾದರಿ ಮೊದಲು ಬೇಕು. ಸಂಗ್ರಹದಲ್ಲಿ ಎಲೆಗನ್ಸ್ ಹುಳುವಿಗೆ ನಾರ್ವೆಜಿಕಾ ಎಂಬ ಚೀಟಿ ಅಂಟಿದ್ದರೆ ಯಂತ್ರ ಆ ತಪ್ಪನ್ನೇ ನಿಷ್ಠೆಯಿಂದ ಮತ್ತೆ ಮತ್ತೆ ಹೇಳುತ್ತದೆ. ಇನ್ನೊಂದು ಮಾತು: ಗುನ್ನೆರುಸ್, ಹ್ಯಾಸ್ವೆಲ್, ಸದರ್ನ್ ಕೊಟ್ಟ ಹೆಸರುಗಳು ಮುಚ್ಚಳ, ಬಿರುಗೂದಲುಗಳ ವರ್ಣನೆಯ ಮೇಲೆ ನಿಂತಿವೆ. ಹೊಸ ಅಕ್ಷರಮಾಲೆಯನ್ನು ಹಳೆಯ ಹೆಸರಿಗೆ ಜೋಡಿಸುವ ಕೊಂಡಿ ಅಂಗರಚನೆಯೇ. ಎರಡೂ ವಿಧಾನಗಳು ಒಂದನ್ನೊಂದು ತಿದ್ದುತ್ತ ಹೋದಾಗ ಜ್ಞಾನ ಬೆಳೆಯುತ್ತದೆ.

ಇದರಿಂದ ನಮ್ಮ ಕರಾವಳಿಗೆ ಒಂದು ನೇರ ಪಾಠವಿದೆ. ಭಾರತದ ಪಾಲಿಕೀಟ್ ಹುಳುಗಳ ಬಗ್ಗೆ ಬಹುಕಾಲ ಆಧಾರಗ್ರಂಥವಾಗಿದ್ದದ್ದು ಪಿಯೆರ್ ಫೋವೆಲ್ ಅವರ 1953ರ ಪುಸ್ತಕ. ಅದು ಜಿಬ್ರೋವಿಯಸ್, ಟೆನ್ ಹೋವರ ಪರಿಷ್ಕರಣೆಗಳಿಗೆ ಮುಂಚಿನದು. ಹಾಗಾಗಿ ಅದನ್ನು ಆಧರಿಸಿದ ಪಟ್ಟಿಗಳನ್ನು ಮತ್ತೆ ನೋಡಬೇಕು, ಹಾಗೆ ನೋಡಲು ಹುಳುಗಳೇ ಉಳಿದಿರಬೇಕು. ಕೊಳವೆಯನ್ನು ಮಾತ್ರ ಕೆರೆದು ಡಬ್ಬಿಗೆ ಹಾಕಿದರೆ ಅಥವಾ ಫೋಟೊ ತೆಗೆದು ಬಿಟ್ಟರೆ ಮುಂದಿನವರಿಗೆ ಪರಿಶೀಲಿಸಲು ಏನೂ ಉಳಿಯುವುದಿಲ್ಲ. ಕೊಳವೆಯನ್ನು ಜೋಪಾನವಾಗಿ ಒಡೆದು, ಮುಚ್ಚಳ ಮತ್ತು ಕೊರಳಪಟ್ಟಿ ಮುರಿಯದಂತೆ ಹುಳುವನ್ನು ಹೊರತೆಗೆದು, ಎಲ್ಲಿ ಯಾವಾಗ ಸಿಕ್ಕಿತೆಂದು ಬರೆದ ಚೀಟಿಯೊಂದಿಗೆ ಆಲ್ಕೊಹಾಲ್‌ನಲ್ಲಿ ಇಟ್ಟರೆ, ಅದೇ ಮಾದರಿ ಇಂದಿನ ಸೂಕ್ಷ್ಮದರ್ಶಕಕ್ಕೂ ನಾಳಿನ ಡಿಎನ್‌ಎ ಪರೀಕ್ಷೆಗೂ ಒದಗುತ್ತದೆ. ಇದಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಕರಾವಳಿಯ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗ ಮಾಡಬಹುದಾದ ಕೆಲಸ. ಹಡಗುಗಳು ಒಂದು ಬಂದರಿನ ಹುಳುವನ್ನು ಇನ್ನೊಂದು ಬಂದರಿಗೆ ಸಾಗಿಸುತ್ತಲೇ ಇರುತ್ತವೆ. ನಮ್ಮ ನೀರಿನಲ್ಲಿ ಮೊದಲಿನಿಂದ ಇದ್ದವರು ಯಾರು, ಹೊರಗಿನಿಂದ ಬಂದವರು ಯಾರು ಎಂದು ಹೇಳಬಲ್ಲವರು ಹುಳುವನ್ನು ಹುಳುವಾಗಿಯೇ ನೋಡಿ, ಎತ್ತಿಟ್ಟು, ಹೆಸರಿಸಿದವರು ಮಾತ್ರ.